ಗೋಡೆಗೆ ಮುಖ ತಿರುಗಿಸಿದ ಪಟಗಳು

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ಪ್ರಾಂಶುಪಾಲರು ಕೇಳಿದ ವಾರವೇ ಅಮೆರಿಕದ ಇಂಡಿಯಾನಾದಿಂದ ನಮ್ಮ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದುದರಿಂದ, ಇಲ್ಲಿ ಪಿಯುಸಿ ಮುಗಿಸಿ ಅಲ್ಲಿಗೆ ಓದಲು ಹೋದಾಗ ಒಂದು ವಿದ್ಯಾರ್ಥಿ ಸಂಘದಲ್ಲಿ ಹೊಸಬನಾಗಿ ಕಳೆದ ಎಂಟು ವಾರಗಳ ವಿಷಯವನ್ನೇ ಬರೆಯುತ್ತಿದ್ದೇನೆ.

1998ರಲ್ಲಿ ನಾನು ಅಲ್ಲಿನ ಒಂದು ಫ್ರೆಟರ್ನಿಟಿಗೆ ಸೇರಿದೆ. ಗ್ರೀಕ್ ಅಕ್ಷರಗಳನ್ನೇ ಹೆಸರಾಗಿಸಿಕೊಂಡ ಈ ವಿದ್ಯಾರ್ಥಿ ಸಂಘಗಳ ಪರಂಪರೆ 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾದಿಂದ ಮೊದಲಾಗುತ್ತದೆ. ಆಹ್ವಾನ ಸಿಕ್ಕಿದ ಮಾತ್ರಕ್ಕೆ ಯಾರೂ ಸದಸ್ಯರಾಗುವುದಿಲ್ಲ. ಸಂಸ್ಥಾಪಕರ ಹೆಸರು, ನಿಯಮಾವಳಿಗಳನ್ನು ಕಲಿತು, ಸಂಜೆ ಕಡ್ಡಾಯವಾಗಿ ಓದಲು ಕುಳಿತು, ‘ಬಿಗ್ ಬ್ರದರ್’ ಎನಿಸಿಕೊಂಡ ಹಿರಿಯನೊಬ್ಬನ ಕಣ್ಣಳತೆಯಲ್ಲಿದ್ದು, ಆಮೇಲಷ್ಟೇ ದೀಕ್ಷೆ. ಬೆಂಕಿಕಡ್ಡಿ ಗೀರಿ, ಅದು ಬೆರಳು ಸುಡುವುದರೊಳಗೆ 24 ಗ್ರೀಕ್ ಅಕ್ಷರಗಳನ್ನು ಒಪ್ಪಿಸುವುದೂ ಒಂದು ರೂಢಿ. ಒಂದನೇ ತರಗತಿಯಲ್ಲೇ 49 ಅಕ್ಷರಗಳ ವರ್ಣಮಾಲೆಯನ್ನು ಗಟ್ಟಿ ಮಾಡಿದ್ದ ನನಗೆ ಅದೇನೂ ಕಷ್ಟವಾಗಲಿಲ್ಲ. ನಾವು ಏಳು ಮಂದಿ ಹೊಸಬರಲ್ಲಿ ಮೊದಲ ಕಡ್ಡಿಗೇ ಮುಗಿಸಿದವನು ನಾನೊಬ್ಬನೇ ಎಂಬುದನ್ನು ಹೇಳದಿರಲಾರೆ.

ಮೇಷ್ಟ್ರು ಎಂದೆನಲ್ಲ, ಅವರು ಸಂಘದ ಸಲಹೆಗಾರರಾಗಿದ್ದ ನಿವೃತ್ತ ಸರ್ವೆ ಅಧ್ಯಾಪಕರು. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನನಗೆ ಮಾತ್ರ ಕೊನೆಯವರೆಗೂ ಬಾಯಿ ಬರಲಿಲ್ಲ.

ಆರನೆಯ ವಾರದ ಒಂದು ರಾತ್ರಿ, ಹಿರಿಯರ ಮೇಲಿನ ಸಿಟ್ಟಿಗೆ, ನಡುಮನೆಯ ಗೋಡೆಯುದ್ದಕ್ಕೂ ತೂಗುಹಾಕಿದ್ದ ವರ್ಷವಾರು ಸದಸ್ಯರ ಪಟಗಳನ್ನೆಲ್ಲ ನಾವು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟೆವು. ಬೆಳಿಗ್ಗೆ ಬಂದ ಮೇಷ್ಟ್ರು ಗದರಲಿಲ್ಲ. ನಮ್ಮನ್ನು ನೆಲದ ಮೇಲೆ ಕೂರಿಸಿ, ಬೆನ್ನು ತೋರುತ್ತಿದ್ದ ಒಂದೊಂದು ಪಟದ ಮುಂದೆಯೂ ನಿಂತು, ಅದರಲ್ಲಿ ಯಾರಿದ್ದಾರೆ, ಯಾರು ಸೇತುವೆ ಕಟ್ಟಿಸಿದರು, ಯಾರು ಯುದ್ಧದಿಂದ ಮರಳಲಿಲ್ಲ ಎಂಬುದನ್ನು ಮಧ್ಯಾಹ್ನದವರೆಗೆ ಹೇಳುತ್ತಲೇ ಹೋದರು. ನಂತರ ಒಂದೊಂದಾಗಿ ತಿರುಗಿಸಿ ನೋಡಿದರೆ ಒಂದು ಹೆಸರೂ ತಪ್ಪಿರಲಿಲ್ಲ. ನಾನು ಅಲ್ಲಿ ಕಲಿತ ಕ್ಯಾಲ್ಕುಲಸ್ ಇಂದು ಒಂದು ಸಾಲೂ ನೆನಪಿಲ್ಲ.

ಈಗ ಅಲ್ಲಿ ಹೊಸಬರ ಶಿಕ್ಷಣ ಹೆಚ್ಚುಪಾಲು ಕಂಪ್ಯೂಟರ್ ಪಾಠಗಳಲ್ಲಿ, ಸಹಿ ಹಾಕಬೇಕಾದ ನಮೂನೆಗಳಲ್ಲಿ ಮುಗಿಯುತ್ತದೆಯಂತೆ. ಅದಕ್ಕೆ ಕಾರಣವಿಲ್ಲದಿಲ್ಲ: 2017ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಹೊಸಬರಿಗೆ ಬಲವಂತವಾಗಿ ಕುಡಿಸಿದ ರಾತ್ರಿ ಬಿದ್ದು ಗಾಯಗೊಂಡ 19 ವರ್ಷದ ಹುಡುಗ ಸತ್ತುಹೋದ, 2024ರ ಡಿಸೆಂಬರ್‌ನಲ್ಲಿ, ಇಂಥ ಹಿಂಸೆಯ ಪ್ರಕರಣಗಳನ್ನು ಕಾಲೇಜುಗಳು ಬಹಿರಂಗಪಡಿಸಬೇಕೆಂಬ ರಾಷ್ಟ್ರೀಯ ಕಾನೂನೂ ಬಂತು. ನಮ್ಮ ಹಾಸ್ಟೆಲುಗಳ ರ‍್ಯಾಗಿಂಗ್ ಕಂಡವರು ಇದನ್ನು ಬೇಡವೆನ್ನಲಾರರು. ಆದರೂ ನಮೂನೆಗೆ ಸಹಿ ಹಾಕಿಸಿಕೊಳ್ಳುವವರ ನಡುವೆ, ಅರ್ಧ ದಿನ ನಿಂತು ಹೆಸರು ಹೇಳುವ ಒಬ್ಬ ಮುದುಕನಿಗೂ ಜಾಗವಿರಬೇಕಿತ್ತು.

ಅಂತ್ಯಕ್ರಿಯೆಗೆ ಹೋಗಿದ್ದ ಗೆಳೆಯ ನಮ್ಮ ವರ್ಷದ ಪಟದ ಚಿತ್ರ ಕಳುಹಿಸಿದ್ದಾನೆ. ಮೂರನೆಯ ಸಾಲಿನಲ್ಲಿ ನಾನಿದ್ದೇನೆ, ನನ್ನ ಹೆಸರಿನ ಕಾಗುಣಿತ ಇಂದಿಗೂ ತಪ್ಪಾಗಿಯೇ ಇದೆ. ತಿದ್ದಿಸುತ್ತೇನೆಂದು ಮೇಷ್ಟ್ರು ಅಂದೇ ಹೇಳಿದ್ದರು.