ಅಡಿಕೆ ಶೆಡ್ಡಿನಲ್ಲಿ ಬೋಂಡ, ಕರಿಯ

ಗಂಡುಮೊಲ ಎರಡನ್ನ ಒಟ್ಟಿಗೆ ಬಿಟ್ಟರೆ ಕಚ್ಚಾಡಿ ಸಾಯ್ತವೆ ಅಂತ ತೀರ್ಥಹಳ್ಳಿ ಕಡೆ ಮೊಲ ಸಾಕಿದವರೆಲ್ಲ ಹೇಳ್ತಾರೆ. ಬೀಜ ತೆಗೆಸದಿದ್ದರೆ ಅದು ನಿಜವೇ.

ನಮ್ಮನೇಲಿ ಬೋಂಡ ಮೊದಲಿಂದ ಇದ್ದ. ಕರಿಯನನ್ನ ತಮ್ಮ ಶಿವಮೊಗ್ಗದಿಂದ ತಂದು, "ಅಕ್ಕಾ, ಒಂಟಿ ಮೊಲಕ್ಕೆ ಬೇಜಾರು, ಇದೂ ಇರ್ಲಿ" ಅಂತ ಬಿಟ್ಟು ಹೋದ. ಎರಡಕ್ಕೂ ಆಪರೇಷನ್ ಮಾಡಿಸಿದ್ವಿ. (ಮೊಲಕ್ಕೆ ವಾಂತಿ ಆಗಲ್ಲ. ಹಾಗಾಗಿ ಆಪರೇಷನ್‌ಗೆ ಮುಂಚೆ ಉಪವಾಸ ಕೆಡವಬಾರದು, ಕರುಳಿನ ಕೆಲಸವೇ ನಿಂತುಬಿಡಬಹುದು.) ಆದರೆ ಆಪರೇಷನ್ ಆದ ಮಾರನೇ ದಿನವೇ ಸಾಧು ಆಗಲ್ಲ. ಹಾರ್ಮೋನು ಇಳಿಯೋಕೆ 4ರಿಂದ 6 ವಾರ ಬೇಕು. ಅಲ್ಲೀತನಕ ಜಗಲಿಯಲ್ಲಿ ಅಕ್ಕಪಕ್ಕ ಎರಡು ಗೂಡು, ನಡುವೆ ಕಚ್ಚೋಕೆ ಎಟುಕದಷ್ಟು ಸಂದು. ಬೆಳಿಗ್ಗೆ ಇವನ ಗೋಣಿ ಅವನಿಗೆ, ಅವನದ್ದು ಇವನಿಗೆ. ಮೊದಮೊದಲು ಬೋಂಡ ಕರಿಯನ ಗೋಣಿ ಮೇಲೆ ಹಿಕ್ಕೆ ಹಾಕಿ, ಗದ್ದ ಉಜ್ಜಿ, ತನ್ನ ಹೆಸರಿಗೆ ಖಾತೆ ಮಾಡಿಸಿಕೊಳ್ತಿದ್ದ. ವಾಸನೆಯ ಗ್ರಂಥಿ ಇರೋದು ಗದ್ದದ ಕೆಳಗೇ. ಬರ್ತಾ ಬರ್ತಾ ಅದರ ಮೇಲೇ ಕಾಲು ಚಾಚಿ ಮಲಗಿದ.

ಒಟ್ಟು ಬಿಡೋಕೆ ಇಬ್ಬರೂ ಕಾಲಿಡದ ಜಾಗ ಬೇಕು. ಜಗಲಿ, ಅಂಗಳ ಎಲ್ಲ ಬೋಂಡನದ್ದೇ ದರ್ಬಾರು. ಮಳೆಗಾಲ ಅಂತ ಅಡಿಕೆ ಸುಲಿಯೋ ಶೆಡ್ ಖಾಲಿ ಬಿದ್ದಿತ್ತು. ಗೋಣಿ ಹಾಸಿ, ಎರಡೂ ಕಡೆ ಬಾಯಿರೋ ರಟ್ಟಿನ ಡಬ್ಬ ಇಟ್ಟೆ. ಒಂದೇ ಬಾಯಿದ್ರೆ ಒಳಗಿದ್ದವನು ಸಿಕ್ಕಿಬೀಳ್ತಾನೆ. ಒಂದು ರಾಶಿ ಗರಿಕೆ, ಅದೂ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಒಣಗಿಸಿದ್ದು. ನಮ್ಮ ಆಷಾಢದಲ್ಲಿ ಹುಲ್ಲಿಗೆ ಬೂಸು ಹಿಡಿಯೋಕೆ ಎಷ್ಟೊತ್ತು?

ಬಿಟ್ಟ ತಕ್ಷಣ ಬೋಂಡ ಕರಿಯನ ಬೆನ್ನೇರಿದ. ಅತ್ತೆ ಬಾಗಿಲಲ್ಲೇ ನಿಂತು, "ಬೀಜ ತೆಗೆಸಿದ ಮೇಲೂ ಇದೇನೇ ಚಾಳಿ ಇವಕ್ಕೆ!" ಅಂದ್ರು. "ಅದು ಯಜಮಾನಿಕೆ ಅತ್ತೆ, ಬೇರೇನಲ್ಲ" ಅಂದೆ. ಹತ್ತಿ ಇಳಿದರೆ ಸುಮ್ಮನಿರಬೇಕು. ತಲೆ ಕಡೆಯಿಂದ ಹತ್ತಿದರೆ ಮಾತ್ರ ಇಳಿಸಲೇಬೇಕು, ಕೆಳಗಿದ್ದವನು ಕಚ್ಚೋದು ಸೀದಾ ಮರ್ಮಕ್ಕೆ. ಕಿವಿ ಹಿಂದಕ್ಕೆ ಹಾಕಿ, ಬಾಲ ಎತ್ತಿ, ಗಿರಗಿರ ಸುತ್ತೋಕೆ ಶುರುಮಾಡಿದ್ರೆ ಅಡಿಕೆ ಹಾಳೆ ನಡುವೆ ತುರುಕ್ತಿದ್ದೆ. ಬರಿಗೈ ಹಾಕಿದ್ರೆ ಬೆರಳಿಗೆ ಹೊಲಿಗೆ ಗ್ಯಾರಂಟಿ.

ಆಮೇಲೊಂದು ದಿನ ಕರಿಯ ಬೋಂಡನ ಮೂಗಿನ ಕೆಳಗೆ ತಲೆ ಬಗ್ಗಿಸಿ ಕೂತ. "ಪಾಪ, ಸೋತ" ಅಂದ್ರು ಅತ್ತೆ. ಸೋಲೆಲ್ಲಿ! ಅದು "ನೆಕ್ಕು ನನ್ನ" ಅನ್ನೋ ಹುಕುಂ. ಬೋಂಡನೂ ತಲೆ ಬಗ್ಗಿಸಿದ. ನೆಕ್ಕೋರು ಯಾರೂ ಇಲ್ಲ. ನನ್ನ ಕಾಫಿ ಮುಗೀತು, ಇವು ಹಣೆಗೆ ಹಣೆ ಕೊಟ್ಟು ಹಾಗೇ ಕೂತಿವೆ. ಕೊನೆಗೆ ಅಷ್ಟು ದಿನ ಬೆನ್ನೇರಿ ಮೆರೆದ ಬೋಂಡನೇ ಅವನ ಕಣ್ಣಿನ ಮೂಲೆ ನೆಕ್ಕಿದ, ಆಮೇಲೆ ಕಿವಿ.

ಈಗ ಒಬ್ಬನಿಗೆ ಉಗುರು ಕತ್ತರಿಸಬೇಕಂದ್ರೂ ಡಾಕ್ಟರ ಹತ್ತಿರ ಇಬ್ಬರನ್ನೂ ಒಯ್ಯೋದು. ಒಬ್ಬನೇ ಹೋಗಿ ಔಷಧಿ ವಾಸನೆ ಹೊತ್ತು ಬಂದರೆ ಮನೇಲಿದ್ದವನಿಗೆ ಗುರುತು ಹತ್ತದೆ ಜಗಳ ಮತ್ತೆ ಶುರುವಾಗಬಹುದು. ಮೊನ್ನೆ ಬಸ್ಸಿನ ಕಂಡಕ್ಟರು ಬುಟ್ಟಿಯೊಳಗೆ ಇಣುಕಿ, ಬುಟ್ಟಿ ಒಂದೇ ಆದ್ರೂ ಮೊಲ ಎರಡಲ್ವಾ ಅಂತ ಎರಡು ಟಿಕೆಟ್ ಹರಿದ.