ಕ್ಷೇತ್ರ ಪರಿಚಯ ಬರೆಯುವ ಕೆಲಸ: ಚಿಕ್ಕಬಳ್ಳಾಪುರ ಲೋಕಸಭೆಯ ಲೆಕ್ಕ ಎಲ್ಲಿ ಜಾರುತ್ತದೆ

ಚುನಾವಣೆ ದಿನಾಂಕ ಹೊರಬಿದ್ದ ಸಂಜೆಯೇ ಡೆಸ್ಕ್‌ನಿಂದ ಫೋನು ಬರುತ್ತದೆ: ‘ಕ್ಷೇತ್ರ ಪರಿಚಯ ನಾಳೆಗೆ ಬೇಕು, ಜಾತಿ ಲೆಕ್ಕ ಮರೀಬೇಡಿ.’ ಹಿಂದಿನ ಸಲದ ಫೈಲ್ ತೆಗೆದು ಅಭ್ಯರ್ಥಿಗಳ ಹೆಸರು ಬದಲಿಸಿ ಕಳಿಸುವುದು ಸುಲಭ. ಚಿಕ್ಕಬಳ್ಳಾಪುರದಂಥ ಕ್ಷೇತ್ರದಲ್ಲಿ ತಪ್ಪು ಹುಟ್ಟುವುದೂ ಅಲ್ಲೇ. ಈ ಕೆಲಸಕ್ಕೆ ಹೊಸದಾಗಿ ಬರುವ ವರದಿಗಾರರು, ಸಮೀಕ್ಷೆಯ ಹುಡುಗರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆದಿಟ್ಟಿದ್ದೇವೆ.

ಮೊದಲು ಗಡಿ. ಚಿಕ್ಕಬಳ್ಳಾಪುರ ಜಿಲ್ಲೆ ಬೇರೆ, ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರ ಬೇರೆ. ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ಮೂರು ಮಾತ್ರ ಇದರಲ್ಲಿವೆ. ಶಿಡ್ಲಘಟ್ಟ ಮತ್ತು ಚಿಂತಾಮಣಿ ಕೋಲಾರ ಮೀಸಲು ಕ್ಷೇತ್ರಕ್ಕೆ ಹೋಗಿವೆ. ಲೋಕಸಭಾ ಕ್ಷೇತ್ರದ ಒಟ್ಟು ಎಂಟರಲ್ಲಿ ಉಳಿದವು ಐದು. ಅವುಗಳಲ್ಲಿ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಬೆಂಗಳೂರು ಗ್ರಾಮಾಂತರ ಜಿಲ್ಲೆಯವು. ಯಲಹಂಕ ಬೆಂಗಳೂರು ನಗರ ಜಿಲ್ಲೆಯದು. ದೇವನಹಳ್ಳಿ, ನೆಲಮಂಗಲ ಪರಿಶಿಷ್ಟ ಜಾತಿಗೆ ಮೀಸಲು. ಚುನಾವಣಾ ಆಯೋಗ ವಿಧಾನಸಭಾ ಕ್ಷೇತ್ರಗಳಿಗೆ ಕೊಟ್ಟ ಕ್ರಮಸಂಖ್ಯೆ ನೋಡಿದರೇ ಈ ಹೊಲಿಗೆ ಕಾಣುತ್ತದೆ: 139, 140, 141 ಆದ ಮೇಲೆ 150, ಅಲ್ಲಿಂದ ನೇರ 178ರಿಂದ 181. ಆದರೂ ಪ್ರತಿ ಚುನಾವಣೆಯಲ್ಲೂ ಯಾರಾದರೊಬ್ಬರು ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯನ್ನು ಈ ಕ್ಷೇತ್ರದ ‘ಪ್ರಮುಖ ವಿಷಯ’ ಎಂದು ಬರೆದೇ ಬರೆಯುತ್ತಾರೆ. ರೇಷ್ಮೆ ಇಲ್ಲಿಯೂ ಇದೆ, ಆದರೆ ಆ ಮಾರುಕಟ್ಟೆಯ ಊರಿನವರು ಮತ ಹಾಕುವುದು ಕೋಲಾರದ ಅಭ್ಯರ್ಥಿಗೆ.

ಹೀಗಾಗಿ ಜಿಲ್ಲಾ ಅಂಕಿಅಂಶಗಳ ಪುಸ್ತಕದಿಂದ ಒಂದು ಸಾಲನ್ನೂ ನೇರವಾಗಿ ಎತ್ತುವಂತಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 12,55,104. ಅದರಲ್ಲಿ ನಗರವಾಸಿಗಳು ನಾಲ್ಕರಲ್ಲಿ ಒಂದು ಪಾಲೂ ಇಲ್ಲ. ಇದನ್ನು ನೋಡಿ ‘ಗ್ರಾಮೀಣ ಕ್ಷೇತ್ರ’ ಎಂದು ಬರೆದರೆ ಯಲಹಂಕ ಉಪನಗರವನ್ನು, ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಿನ ಬಡಾವಣೆಗಳನ್ನು, ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳನ್ನು, ನೆಲಮಂಗಲದ ಗೋದಾಮುಗಳನ್ನು ಬಿಟ್ಟ ಹಾಗಾಯಿತು. ಸರಿಯಾದ ದಾರಿ ಎಂದರೆ ಎಂಟು ವಿಧಾನಸಭಾ ಕ್ಷೇತ್ರಗಳಿಗೂ ಬೇರೆ ಬೇರೆ ಹಾಳೆ ಮಾಡಿ, ಕ್ಷೇತ್ರಗಳ ಗಡಿ ಹೊಸದಾಗಿ ಹಾಕಿದ 2008ರ ಮರುವಿಂಗಡಣೆ ಆದೇಶದಲ್ಲಿರುವ ಹೋಬಳಿ, ಪುರಸಭೆ, ವಾರ್ಡ್ ಪಟ್ಟಿ ಇಟ್ಟುಕೊಂಡು ಜನಗಣತಿಯ ಗ್ರಾಮವಾರು ಅಂಕಿಯನ್ನು ಒಂದೊಂದಾಗಿ ಕೂಡಿಸುವುದು. ಬೇಸರದ ಕೆಲಸ, ನಿಜ. ಒಮ್ಮೆ ಮಾಡಿಟ್ಟರೆ ಮುಂದಿನ ಮರುವಿಂಗಡಣೆವರೆಗೂ ಬರುತ್ತದೆ.

ಯಲಹಂಕದ ಹಾಳೆ ಮಾತ್ರ ಸತಾಯಿಸುತ್ತದೆ. ಅಲ್ಲಿ ಉಪನಗರದ ವಾರ್ಡುಗಳ ಜೊತೆ ಹೆಸರಘಟ್ಟ ಕಡೆಯ ಹಳ್ಳಿಗಳೂ ಇವೆ. 2011ರ ಜನಗಣತಿ ಬಿಬಿಎಂಪಿಯ 198 ವಾರ್ಡುಗಳ ಲೆಕ್ಕದಲ್ಲಿದೆ. ಆಮೇಲೆ ವಾರ್ಡು 243 ಆಯಿತು, 225ಕ್ಕೆ ಇಳಿಯಿತು, 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ವಾರ್ಡ್ ಸಂಖ್ಯೆ ನೋಡಿ ಎರಡು ಪಟ್ಟಿ ಜೋಡಿಸಿದರೆ ಒಂದು ಬಡಾವಣೆಯ ಜನಸಂಖ್ಯೆ ಇನ್ನೊಂದರ ಮತದ ಪಕ್ಕ ಕೂರುತ್ತದೆ. ಸಂಖ್ಯೆ ಬಿಟ್ಟು ಬೀದಿ, ಬಡಾವಣೆಯ ಹೆಸರಿನಿಂದಲೇ ಜೋಡಿಸಬೇಕು.

ಇನ್ನು ಫಲಿತಾಂಶ. ಹಳೆಯ ಗೆಲುವಿನ ಪಟ್ಟಿಯಲ್ಲಿ 2004 ಮತ್ತು 2009ರ ನಡುವೆ ಒಂದು ಗೆರೆ ಎಳೆಯಿರಿ. 1996, 1998, 1999, 2004ರಲ್ಲಿ ಆರ್.ಎಲ್. ಜಾಲಪ್ಪ ಗೆದ್ದದ್ದು ಹಳೆಯ ಗಡಿಯ ಕ್ಷೇತ್ರದಲ್ಲಿ. 2009, 2014ರಲ್ಲಿ ಎಂ. ವೀರಪ್ಪ ಮೊಯಿಲಿ ಗೆದ್ದದ್ದು ಈಗಿನ ಗಡಿಯಲ್ಲಿ. ‘1996ರಿಂದಲೂ ಇದೇ ಮತಬ್ಯಾಂಕ್’ ಎಂಬ ಸಾಲು ಕೇಳಲು ಚೆನ್ನಾಗಿದೆ, ಆಧಾರವಿಲ್ಲ.

ಈ ಕ್ಷೇತ್ರ ಕಲಿಸುವ ದೊಡ್ಡ ಪಾಠ ಕೂಡುವ ಲೆಕ್ಕದ್ದು. 2014ರಲ್ಲಿ ಮೊಯಿಲಿ 4,24,800, ಬಿಜೆಪಿಯ ಬಿ.ಎನ್. ಬಚ್ಚೇಗೌಡ 4,15,280, ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ 3,46,339 ಮತ ಪಡೆದರು. ಗೆಲುವಿನ ಅಂತರ 9,520. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಕೈಜೋಡಿಸಿದವು. ಹಳೆಯ ಎರಡು ಮೊತ್ತ ಕೂಡಿದರೆ 7,71,139. ಕಾಗದದ ಮೇಲೆ ಸ್ಪರ್ಧೆಯೇ ಇಲ್ಲ. ಪೆಟ್ಟಿಗೆ ತೆರೆದಾಗ ಮೊಯಿಲಿಯವರಿಗೆ ಬಂದದ್ದು 5,63,802, ಬಚ್ಚೇಗೌಡರಿಗೆ 7,45,912. ಮೈತ್ರಿಯ ಲೆಕ್ಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮತ ಕಾಣೆ. ಹೊಸಕೋಟೆ, ದೇವನಹಳ್ಳಿ ಕಡೆ ಊರೂರಲ್ಲೂ ಎರಡು ಬಣ ಎದುರುಬದುರು ನಿಂತು ವರ್ಷಗಟ್ಟಲೆ ಪಂಚಾಯ್ತಿ, ಡೇರಿ, ಸೊಸೈಟಿ ಚುನಾವಣೆ ಮಾಡಿರುತ್ತವೆ. ಮೇಲಿನವರು ಕೈ ಕುಲುಕಿದರೆಂದು ಕೆಳಗಿನವರ ಮತ ಜೊತೆಯಾಗುವುದಿಲ್ಲ.

ಹಾಗೆಂದು ಮೈತ್ರಿ ಎಂದೂ ಫಲ ಕೊಡದು ಎಂದೂ ಬರೆಯಬೇಡಿ. 2024ರಲ್ಲಿ ಜೆಡಿಎಸ್ ಬಿಜೆಪಿ ಜೊತೆಗಿತ್ತು, ಬಿಜೆಪಿಯ ಡಾ. ಕೆ. ಸುಧಾಕರ್ 8,22,619, ಕಾಂಗ್ರೆಸ್‌ನ ರಕ್ಷಾ ರಾಮಯ್ಯ 6,59,159. ಅಂತರ 1,63,460. ಇದಕ್ಕೆ ಒಂದು ವರ್ಷ ಮುಂಚೆ ಇದೇ ಎಂಟು ಕ್ಷೇತ್ರಗಳಲ್ಲಿ ಕಾಂಗ್ರೆಸ್ ಐದು, ಬಿಜೆಪಿ ಎರಡು (ಯಲಹಂಕ, ದೊಡ್ಡಬಳ್ಳಾಪುರ) ಗೆದ್ದಿದ್ದವು. ಗೌರಿಬಿದನೂರಿನಲ್ಲಿ ಪಕ್ಷೇತರ ಗೆದ್ದಿದ್ದರು. ಸುಧಾಕರ್ ಸ್ವತಃ ಚಿಕ್ಕಬಳ್ಳಾಪುರದಲ್ಲಿ ಕಾಂಗ್ರೆಸ್‌ನ ಪ್ರದೀಪ್ ಈಶ್ವರ್ ಎದುರು 10,642 ಮತಗಳಿಂದ ಸೋತಿದ್ದರು. ಲೋಕಸಭೆಗೆ ಬಂದಾಗ ಅದೇ ಕ್ಷೇತ್ರದಲ್ಲಿ ಅವರಿಗೇ ಮುನ್ನಡೆ. ಅತಿ ದೊಡ್ಡ ಲೀಡ್ ಕೊಟ್ಟದ್ದು ಯಲಹಂಕ. ಹಾಗಾಗಿ ‘ಎಂಟರಲ್ಲಿ ಐದು ಶಾಸಕರು ಕಾಂಗ್ರೆಸ್‌ನವರು’ ಎಂಬ ಮಾಹಿತಿ ಪರಿಚಯದಲ್ಲಿ ಇರಲಿ, ಅದರ ಮೇಲೆ ತೀರ್ಮಾನ ಕಟ್ಟುವುದು ಬೇಡ. ಎಲ್ಲ ಕ್ಷೇತ್ರವೂ ಒಂದೇ ತೂಕದ್ದಲ್ಲ: ಬಾಗೇಪಲ್ಲಿಯ ಹತ್ತು ಸಾವಿರದ ಹಿನ್ನಡೆಯನ್ನು ಉಪನಗರದ ಹತ್ತಿಪ್ಪತ್ತು ಬೂತು ತುಂಬಿಕೊಡಬಹುದು.

ಬೂತ್ ಮಟ್ಟಕ್ಕೆ ಇಳಿಯಲು ಬೇಕಾದದ್ದು ನಮೂನೆ 20, ಅಂದರೆ ಮತಗಟ್ಟೆವಾರು ಫಲಿತಾಂಶದ ಹಾಳೆ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ವಿಧಾನಸಭಾ ಕ್ಷೇತ್ರವಾರು ಪಿಡಿಎಫ್ ಸಿಗುತ್ತದೆ. ಎಷ್ಟೋ ಪುಟ ಸ್ಕ್ಯಾನ್ ಮಾಡಿದವು, 3 ಮತ್ತು 8, 1 ಮತ್ತು 7 ಕಲಸಿಹೋಗುತ್ತವೆ. ಒಂದು ಸಾಲಿನಲ್ಲಿ ಮತಗಟ್ಟೆ ಸಂಖ್ಯೆ, ಪ್ರತಿ ಅಭ್ಯರ್ಥಿಯ ಮತ, ಸಿಂಧುವಾದ ಮತಗಳ ಮೊತ್ತ, ತಿರಸ್ಕೃತ, ನೋಟಾ, ಒಟ್ಟು ಇರುತ್ತವೆ. ಎಕ್ಸೆಲ್‌ಗೆ ಹಾಕುವಾಗ ಅಡ್ಡಸಾಲಿನ ಮೊತ್ತವನ್ನೂ ಪುಟದ ಕೆಳಗಿನ ಮೊತ್ತವನ್ನೂ ನೀವೇ ಲೆಕ್ಕ ಹಾಕಿ, ಮುದ್ರಿತ ಅಂಕಿಯೊಂದಿಗೆ ತಾಳೆ ನೋಡಿ. ಎರಡೂ ಕಡೆ ಒಂದೇ ವ್ಯತ್ಯಾಸ ಬಂದರೆ ತಪ್ಪಿರುವ ಕೋಶ ತಾನಾಗಿ ಸಿಗುತ್ತದೆ.

ತಾಳೆಯಾಗದ ಎಲ್ಲವೂ ಟೈಪಿಂಗ್ ತಪ್ಪಲ್ಲ. ಅಂಚೆ ಮತ ಬೂತಿನ ಸಾಲಿನಲ್ಲಿ ಬರುವುದಿಲ್ಲ. ಲೋಕಸಭೆಗೆ ಅದನ್ನು ಚುನಾವಣಾಧಿಕಾರಿಗಳ ಮಟ್ಟದಲ್ಲಿ ಬೇರೆ ಎಣಿಸುತ್ತಾರೆ. ಎಂಟು ಕ್ಷೇತ್ರಗಳ ಲೀಡ್ ಕೂಡಿದರೆ ಘೋಷಿತ ಅಂತರಕ್ಕಿಂತ ಸ್ವಲ್ಪ ಆಚೀಚೆ ಆಗುವುದು ಅದಕ್ಕೇ. ಯಾವುದೋ ಸಣ್ಣ ಬೂತಿನಲ್ಲಿ ಮತದಾನ ನೂರಕ್ಕೆ ನೂರು ದಾಟಿದಂತೆ ಕಂಡರೆ ಕೂಡಲೇ ‘ಅಕ್ರಮ’ ಎಂದು ಬರೆಯಬೇಡಿ. ಕರ್ತವ್ಯದಲ್ಲಿದ್ದ ಸಿಬ್ಬಂದಿ ಪ್ರಮಾಣಪತ್ರ ತೋರಿಸಿ ಅದೇ ಬೂತಿನಲ್ಲಿ ಮತ ಹಾಕಿರಬಹುದು.

ಎರಡು ಚುನಾವಣೆ ಹೋಲಿಸುವಾಗ ಬೂತ್ ಸಂಖ್ಯೆ ನಂಬುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಒಂದು ಬೂತಿಗೆ 1,500 ಮತದಾರರ ಮಿತಿ ಇತ್ತು, 2025ರಲ್ಲಿ ಆಯೋಗ ಅದನ್ನು 1,200ಕ್ಕೆ ಇಳಿಸಿತು. ಮಿತಿ ದಾಟಿದಲ್ಲೆಲ್ಲ ಬೂತ್ ಒಡೆಯುತ್ತದೆ, ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ನಗರದಲ್ಲಿ ಒಂದೇ ಶಾಲೆಯಲ್ಲಿ ಆರೇಳು ಬೂತ್ ಇರುವುದರಿಂದ ಕಟ್ಟಡದ ಹೆಸರೂ ಸಾಲದು. ಮತದಾರರ ಪಟ್ಟಿಯ ಮೊದಲ ಪುಟ ತೆರೆಯಿರಿ. ಭಾಗ ಸಂಖ್ಯೆ, ಮತಗಟ್ಟೆಯ ಹೆಸರು, ಗ್ರಾಮ ಅಥವಾ ವಾರ್ಡ್, ಪೊಲೀಸ್ ಠಾಣೆ, ಪಿನ್‌ಕೋಡ್, ಪುರುಷ, ಮಹಿಳೆ, ತೃತೀಯ ಲಿಂಗಿ ಮತದಾರರ ಸಂಖ್ಯೆ, ಆ ಭಾಗಕ್ಕೆ ಸೇರಿದ ಬೀದಿಗಳ ಪಟ್ಟಿ ಎಲ್ಲ ಅಲ್ಲೇ ಇರುತ್ತವೆ. ಎರಡು ವರ್ಷದ ಪಟ್ಟಿಯಲ್ಲಿ ಬೀದಿಗಳು ಕೂಡಿಬಂದರೆ ಮಾತ್ರ ಅದು ಅದೇ ಬೂತು.

ಅದೇ ಪುಟದಿಂದ ಇನ್ನೊಂದು ಪರೀಕ್ಷೆ ಮಾಡಬಹುದು. ಮತದಾರರ ಸಂಖ್ಯೆಯನ್ನು ಆ ಊರಿನ ಜನಸಂಖ್ಯೆಯಿಂದ ಭಾಗಿಸಿ. ಹಳ್ಳಿಯಲ್ಲಿ ಪ್ರಮಾಣ ವಿಪರೀತ ಹೆಚ್ಚಿದ್ದರೆ ಸತ್ತವರ, ಊರು ಬಿಟ್ಟವರ ಹೆಸರು ತೆಗೆದಿಲ್ಲ. ಬಡಾವಣೆಯಲ್ಲಿ ತೀರಾ ಕಡಿಮೆಯಿದ್ದರೆ ಬಾಡಿಗೆದಾರರು ಹೆಸರು ಸೇರಿಸಿಲ್ಲ. ಗೌರಿಬಿದನೂರು, ಬಾಗೇಪಲ್ಲಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರ ಮತ ಊರಲ್ಲೇ ಉಳಿದಿರುವುದು ಹೆಚ್ಚು. ಈ ಊಹೆಯನ್ನು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಳಿ ಖಚಿತಪಡಿಸಿಕೊಳ್ಳಿ. ಹಲವೆಡೆ ಅಂಗನವಾಡಿ ಟೀಚರ್‌ಗಳೂ ಆ ಕೆಲಸ ಮಾಡಿದ್ದಾರೆ. ‘ಮೇಡಂ, ಈ ಬೀದೀಲಿ ಎಷ್ಟು ಮನೆ ಬೀಗ ಹಾಕಿದೆ?’ ಎಂದು ಕೇಳಿದರೆ ಬರುವ ಉತ್ತರ, ‘ಇಲ್ಲಿ ಯಾರ ಗಾಳಿ ಇದೆ?’ ಎಂಬ ಪ್ರಶ್ನೆಗೆ ಬರುವ ಉತ್ತರಕ್ಕಿಂತ ಎಷ್ಟೋ ಮೇಲು.

ಡೆಸ್ಕ್ ಕೇಳಿದ ಜಾತಿ ಲೆಕ್ಕದ ಬಗ್ಗೆ. ಒಕ್ಕಲಿಗರು, ಪರಿಶಿಷ್ಟ ಜಾತಿ–ಪಂಗಡದವರು, ಬಲಿಜರು, ಮುಸ್ಲಿಮರು, ಕುರುಬರು ಈ ಕ್ಷೇತ್ರದಲ್ಲಿ ಎಣಿಕೆಗೆ ಬರುವ ಸಮುದಾಯಗಳು ಎಂದು ಧಾರಾಳವಾಗಿ ಬರೆಯಿರಿ. ‘ಒಕ್ಕಲಿಗರು ಇಷ್ಟು ಲಕ್ಷ’ ಎಂದು ಬರೆಯಲು ಮಾತ್ರ ನಿಮ್ಮ ಕೈಯಲ್ಲಿ ಏನೂ ಇಲ್ಲ. 2011ರ ಜನಗಣತಿ ಗ್ರಾಮವಾರು ಕೊಡುವುದು ಪರಿಶಿಷ್ಟ ಜಾತಿ, ಪಂಗಡದ ಸಂಖ್ಯೆ ಮಾತ್ರ. ಪಕ್ಷದ ಕಚೇರಿಗಳಲ್ಲಿ ಓಡಾಡುವ ಕಾಗದಗಳನ್ನು ಒಟ್ಟಿಗಿಟ್ಟು ನೋಡಿ: ಒಂದರಲ್ಲಿ ಹೆಚ್ಚಿದ್ದ ಸಮುದಾಯ ಇನ್ನೊಂದರಲ್ಲಿ ಕಡಿಮೆ, ಕೂಡಿದರೆ ಮೊತ್ತ ಒಟ್ಟು ಮತದಾರರನ್ನೇ ಮೀರುವುದೂ ಉಂಟು. ಟಿಕೆಟ್ ಆಕಾಂಕ್ಷಿ ಮಾಡಿಸಿದ ಪಟ್ಟಿಯಲ್ಲಿ ಆಕಾಂಕ್ಷಿಯ ಸಮುದಾಯ ಚಿಕ್ಕದಾಗಿದ್ದ ನಿದರ್ಶನ ಸಿಗುವುದು ಕಷ್ಟ. ಮತದಾರರ ಪಟ್ಟಿಯ ಹೆಸರು ನೋಡಿ ಜಾತಿ ಗುರುತಿಸುವ ಆಟವೂ ಈ ಸೀಮೆಯಲ್ಲಿ ನಡೆಯದು. ಮುನಿಯಪ್ಪ, ನಾರಾಯಣಸ್ವಾಮಿ, ವೆಂಕಟೇಶಪ್ಪ ಎಂಬ ಹೆಸರು ಹತ್ತಾರು ಸಮುದಾಯಗಳಲ್ಲಿವೆ.

ವಿಷಯಗಳ ಪಟ್ಟಿಗೂ ಹೋಬಳಿಯ ಹೆಸರು ಅಂಟಿಸಿ. ‘ನೀರಿನ ಸಮಸ್ಯೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಚಿಕ್ಕಬಳ್ಳಾಪುರ ಸುತ್ತ ಅದು ಹೆಬ್ಬಾಳ–ನಾಗವಾರ ಕಣಿವೆಯಿಂದ ಕೆರೆಗೆ ಬರುವ ಬೆಂಗಳೂರಿನ ಸಂಸ್ಕರಿತ ನೀರಿಗೆ ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಒತ್ತಾಯ. ಯಲಹಂಕದ ಹೊಸ ಬಡಾವಣೆಯಲ್ಲಿ ಟ್ಯಾಂಕರ್ ದರ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ವಿಷಯ ಭೂಮಿ: 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು, 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಬಾಗೇಪಲ್ಲಿಗೆ ಹೋದರೆ ತೆಲುಗು ಬಲ್ಲವರನ್ನು ಜೊತೆಗಿಟ್ಟುಕೊಳ್ಳಿ. ಅಲ್ಲಿ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ 1994 ಮತ್ತು 2004ರಲ್ಲಿ ಗೆದ್ದಿದ್ದರು ಎಂಬುದನ್ನು ಬಿಟ್ಟು ಆ ತಾಲ್ಲೂಕಿನ ರಾಜಕೀಯ ಬರೆದರೆ ಊರಿನವರು ನಗುತ್ತಾರೆ.

ಕೊನೆಗೆ, ಏನನ್ನು ಅಚ್ಚಿಗೆ ಕೊಡಬಾರದು. ಒಂದು ಊರಿಗೆ ಒಂದೇ ಬೂತ್ ಇದ್ದಾಗ, ಇನ್ನೂರು ಮುನ್ನೂರು ಮತದ ಕಾಲೋನಿಗೆ ಪ್ರತ್ಯೇಕ ಬೂತ್ ಇದ್ದಾಗ, ಆ ಅಂಕಿ ಹಾಕುವುದೆಂದರೆ ಯಾರು ಯಾರಿಗೆ ಮತ ಹಾಕಿದರೆಂದು ಬೆರಳಿಟ್ಟು ತೋರಿಸಿದಂತೆ. ರಸ್ತೆ, ಬೋರ್‌ವೆಲ್, ಆಶ್ರಯ ಮನೆಯ ಪಟ್ಟಿಯಲ್ಲಿ ಅದರ ಸೇಡು ತೀರುತ್ತದೆ. ಇದೇ ಕಾರಣಕ್ಕೆ ಹಲವು ಬೂತ್‌ಗಳ ಮತವನ್ನು ಒಟ್ಟು ಮಾಡಿ ಎಣಿಸುವ ಟೋಟಲೈಸರ್ ಯಂತ್ರದ ಪ್ರಸ್ತಾವವನ್ನು ಚುನಾವಣಾ ಆಯೋಗವೇ ಮುಂದಿಟ್ಟಿತ್ತು. ಅದು ಜಾರಿಗೆ ಬರಲಿಲ್ಲ. ನಮೂನೆ 20 ಸಾರ್ವಜನಿಕ ದಾಖಲೆಯೇ, ಕಾನೂನಿನ ತೊಡಕಿಲ್ಲ. ಆದರೂ ನಿಮ್ಮ ಎಕ್ಸೆಲ್‌ನಲ್ಲಿ ಬೂತ್‌ವಾರು ಇರಲಿ, ಪುಟಕ್ಕೆ ಹೋಗುವುದು ಹೋಬಳಿವಾರು ಮೊತ್ತ; ಪಟ್ಟಣದಲ್ಲಾದರೆ ನಾಲ್ಕೈದು ವಾರ್ಡ್ ಸೇರಿಸಿದ ಮೊತ್ತ.