ಹದಿಮೂರು ಅಂಕ

ಮಂಡ್ಯ, 19 ಜೂನ್ 2025, ಗುರುವಾರ ರಾತ್ರಿ

ಬೀರು ಮೇಲಿನ ಟ್ರಂಕು ಇಳಿಸಿ ಡಿಗ್ರಿ ಅಂಕಪಟ್ಟಿ ಹುಡುಕಿದೆ. ಸೀರೆಯೆಲ್ಲ ಧೂಳು. ಮೂರು ವರ್ಷದ್ದೂ ಸಿಕ್ಕಿತು. ಎರಡನೇ ವರ್ಷದ್ದರ ಮೂಲೆ ಗೆದ್ದಲು ತಿಂದಿದೆ, ಅಂಕ ಇರೋ ಕಡೆ ಮುಟ್ಟಿಲ್ಲ, ಪುಣ್ಯ.

"ಹೊತ್ತಲ್ಲದ್ ಹೊತ್ನಲ್ಲಿ ಟ್ರಂಕ್ ಯಾಕವ್ವ ಇಳುಸ್ತಿದ್ದೀಯೆ, ಒಡ್ವೆ ಅಡ ಇಡಕ್ಕಾ?" ಅಂದರು ಅತ್ತೆ. ಇಲ್ಲ ಅತ್ತೆ ಅಂದೆ. ಏನು ಅಂತ ಹೇಳಲಿಲ್ಲ.

2100ಕ್ಕೆ 958.

ಇದೆಲ್ಲ ಶುರುವಾಗಿದ್ದು ಒಂದು ಚಕ್ಕುಬಂದಿಯಿಂದ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಯಿಂದ. ಬೆಳಿಗ್ಗೆ ನಾನು ಟೈಪಿಸ್ಟಾಗಿರೋ ವಕೀಲರ ಆಫೀಸಲ್ಲಿ ಕೆರಗೋಡು ಕಡೆಯ ಅಜ್ಜಿಯೊಬ್ಬರ ಆಸ್ತಿ ವಿಭಾಗದ ದಾವೆ ಟೈಪು ಮಾಡ್ತಿದ್ದೆ. ಸರ್ ಬರೆದುಕೊಟ್ಟಿದ್ದ ಡ್ರಾಫ್ಟಲ್ಲಿ ಪೂರ್ವಕ್ಕೆ ನಾಲೆ, ಪಶ್ಚಿಮಕ್ಕೆ ಬಾವನ ಜಮೀನು ಅಂತಿತ್ತು. ಪಕ್ಕದಲ್ಲಿಟ್ಟಿದ್ದ ಹಳೇ ಕ್ರಯಪತ್ರದಲ್ಲಿ ಉಲ್ಟಾ. ಅಜ್ಜಿಯನ್ನೇ ಕೇಳಿದೆ. "ಮೂಡ್ಲಾಗೆ ನಮ್ ಬಾವುನ್ ಜಮೀನು, ಪಡುವ್ಲಾಗೆ ನಾಲೆ ಕನವ್ವ" ಅಂದರು. ತಿದ್ದಿ ಸರ್‌ಗೆ ತೋರಿಸಿದೆ. ಅಜ್ಜಿ ನನ್ನನ್ನೂ ಸರ್‌ನೂ ನೋಡಿ, "ನೀನೇ ಲಾಯರವ್ವ ಆಗ್ಬುಡು ಅತ್ಲಾಗೆ" ಅಂತ ಬೊಚ್ಚುಬಾಯಿ ಬಿಟ್ಟು ನಕ್ಕರು. ಸರ್ ನಗಲಿಲ್ಲ.

ಮಧ್ಯಾಹ್ನ ಟೀ ಕುಡಿಯುವಾಗ ತಾವಾಗೇ ಮಾತು ತೆಗೆದರು.

"ನಿಂದು ಡಿಗ್ರಿ ಆಗಿದೆ ತಾನೇ?"

"ಬಿಎ, 2003. ಆದ್ರೆ ಸರ್, ನನಗೆ 43."

"ಅದನ್ನ ಬಿಡು. ಎಲ್‌ಎಲ್‌ಬಿ ಸೇರೋಕೆ 30 ವರ್ಷದ ಮಿತೀನ ಬಾರ್ ಕೌನ್ಸಿಲ್ 2016ರಲ್ಲಿ ಮತ್ತೆ ತಂದಿತ್ತು. ಮಾರನೇ ವರ್ಷವೇ ಸುಪ್ರೀಂ ಕೋರ್ಟು ತಡೆ ಕೊಡ್ತು. ಪರ್ಸೆಂಟೇಜ್ ಎಷ್ಟು ಹೇಳು."

ಅದನ್ನೇ ಹೇಳೋಕೆ ನಾಚಿಕೆ. ಮರೆತುಹೋಗಿದೆ ಅಂದೆ. ಮರೆತಿರಲಿಲ್ಲ. ನಲವತ್ತೈದರ ಆಸುಪಾಸು ಅಂತ ನೆನಪಿತ್ತು, ಆದರೆ ಗೆರೆಯ ಈ ಕಡೆಯೋ ಆ ಕಡೆಯೋ ಗೊತ್ತಿರಲಿಲ್ಲ. ಮೂರು ವರ್ಷದ ಎಲ್‌ಎಲ್‌ಬಿಗೆ ಡಿಗ್ರಿಯಲ್ಲಿ 45 ಬೇಕು. ಹಿಂದುಳಿದ ವರ್ಗದವರಿಗೆ 42, ಎಸ್‌ಸಿ ಎಸ್‌ಟಿಗೆ 40. ನಮ್ಮದು ಜನರಲ್.

ಈಗ ಲೆಕ್ಕ ಹಾಕಿದರೆ 45.6. ಬೇಕಾಗಿದ್ದು 945, ನನ್ನ ಹತ್ರ ಹದಿಮೂರು ಹೆಚ್ಚಿಗೆ ಇದೆ. ಆ ಹದಿಮೂರರ ಕಥೆ ನೆನೆಸಿಕೊಂಡು ಒಬ್ಬಳೇ ನಕ್ಕುಬಿಟ್ಟೆ. ಕೊನೇ ವರ್ಷ ರಾಜ್ಯಶಾಸ್ತ್ರದ ಒಂದು ಪೇಪರನ್ನು ಮರುಮೌಲ್ಯಮಾಪನಕ್ಕೆ ಹಾಕಿದ್ದೆ. "ಪಾಸಾಗಿದ್ದೀಯಲ್ಲ, ಇನ್ಯಾಕೆ ದುಡ್ಡು ದಂಡ" ಅಂತ ಅಪ್ಪ ಎರಡು ದಿನ ಮುಖ ಕೊಟ್ಟು ಮಾತಾಡಿರಲಿಲ್ಲ. 15 ಅಂಕ ಜಾಸ್ತಿ ಬಂತು. ಬರದೇ ಇದ್ದಿದ್ದರೆ 943. ಅಪ್ಪ ಇದ್ದಿದ್ದರೆ ಇವತ್ತು ಫೋನು ಮಾಡಿ ಹೇಳ್ತಿದ್ದೆ.

ಆದರೆ ಸರ್ ಆಗಲೇ ತಣ್ಣೀರು ಸುರಿದಿದ್ದರು. "45 ಇದ್ರೆ ಅರ್ಜಿ ಹಾಕಬಹುದು ಅಷ್ಟೇ ಕಣಮ್ಮ. ಸೀಟು ಕೊಡಲೇಬೇಕು ಅಂತ ನಿಯಮದಲ್ಲೇ ಇಲ್ಲ. ಈಗಿನ ಹುಡುಗ್ರು ಎಂಬತ್ತು, ಎಂಬತ್ತೈದು ಇಟ್ಕೊಂಡು ಬರ್ತಾರೆ. ಮೆರಿಟ್ ಲಿಸ್ಟಲ್ಲಿ ನಿನ್ನ ಹೆಸರು ಹುಡುಕಬೇಕು ಅಂದ್ರೆ ಕೊನೇ ಹಾಳೆಯಿಂದ ಶುರು ಮಾಡು." ಇಲ್ಲೇ ಪಿಇಎಸ್ ಲಾ ಕಾಲೇಜಿಗೆ ಹಾಕು, ಮೈಸೂರಲ್ಲಿ ಶಾರದಾ ವಿಲಾಸ, ವಿದ್ಯಾವರ್ಧಕ ಎರಡಕ್ಕೂ ಹಾಕು, ಎಲ್ಲಾದರೂ ಸೀಟು ಉಳಿದರೆ ಸಿಗುತ್ತೆ ಅಂದರು. ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು, ಆ ಭಯ ಬೇಡ ಅಂದರು. ಆಮೇಲೆ ಲೋಟ ಇಟ್ಟು, "ನೀನು ಹೋದ್ರೆ ನನ್ನ ಟೈಪಿಂಗ್ ಯಾರಮ್ಮ ಮಾಡ್ತಾರೆ?" ಅಂದರು. ತಮಾಷೆಗೆ ಅಂದಿದ್ದೋ ಏನೋ, ಗೊತ್ತಾಗಲಿಲ್ಲ.

ಅಮೆರಿಕದಲ್ಲಿರೋ ಚಿಕ್ಕಮ್ಮನ ಮಗಳು ಯಾವಾಗಲೋ ಹೇಳಿದ್ದಳು. ಅಲ್ಲಿ ಲಾ ಕಾಲೇಜಿಗೆ ಸೇರೋರು ಎಲ್‌ಸ್ಯಾಟ್ ಅಂತ ಪರೀಕ್ಷೆ ಬರೀತಾರೆ, 120ರಿಂದ 180ರವರೆಗೆ ಅಂಕ. ಡಿಗ್ರಿ ಅಂಕವನ್ನೂ ನೋಡ್ತಾರೆ. ಅದರ ಜೊತೆಗೆ ನೀನು ಯಾರು, ಇಷ್ಟು ದಿನ ಏನು ಮಾಡಿಕೊಂಡಿದ್ದೆ, ಈಗ ಯಾಕೆ ಬಂದೆ ಅಂತ ಒಂದೆರಡು ಪುಟ ಬರೆದುಕೊಡಬೇಕಂತೆ. ಆವತ್ತು ಸುಮ್ಮನೆ ಕೇಳಿಸಿಕೊಂಡಿದ್ದೆ. ಇವತ್ತು ಹೊಟ್ಟೆ ಉರೀತು. ನನ್ನ ಹತ್ರ ಬರೆಯೋಕೆ ಹದಿನೆಂಟು ವರ್ಷದ ಕೆಲಸ ಇದೆ. ವಾದಪತ್ರ, ಆಕ್ಷೇಪಣೆ, ವಕಾಲತ್ತು, ಐಎ (ದಾವೆ ನಡೀತಿರುವಾಗ ಹಾಕೋ ಅರ್ಜಿ), ಅಫಿಡವಿಟ್ಟು. ಮಧ್ಯಂತರ ತಡೆಯಾಜ್ಞೆಯ ಅರ್ಜಿಯನ್ನಂತೂ ನಿದ್ದೆಗಣ್ಣಲ್ಲೂ ಟೈಪು ಮಾಡ್ತೀನಿ. ಇಲ್ಲಿ ಅದಕ್ಕೊಂದು ಕಾಲಂ ಇಲ್ಲ. 2003ರಲ್ಲಿ ನೋಟ್ಸ್ ಉರು ಹೊಡೆದು ಬರೆದ ಆ ಹುಡುಗಿ ಎಷ್ಟು ತೆಗೆದಿದ್ದಳು ಅನ್ನೋದೊಂದೇ ಲೆಕ್ಕ.

ರಾತ್ರಿ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಯಾರೂ ಏನೂ ಅನ್ನಲಿಲ್ಲ, ಅದು ಇನ್ನೂ ಬೇಜಾರು.

ನಮ್ಮವರಿಗೆ ಹೇಳಿದೆ. ಟಿವಿ ಶಬ್ದ ಕಮ್ಮಿ ಮಾಡಿದರು, ಪೂರ್ತಿ ಆರಿಸಲಿಲ್ಲ. "ಮಗಳು ಪಿಯುಸಿ ಎರಡನೇ ವರ್ಷ. ಬರೋ ವರ್ಷ ಅವಳದ್ದೂ ಫೀಸು" ಅಂದರು. ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ವಕೀಲಿಕೆಗೆ ಹೆಸರು ಹಚ್ಚೋಕೆ ಎಷ್ಟು ಖರ್ಚು?" ಅಂತ ಕೇಳಿದರು. ಹೋದ ವರ್ಷ ಸುಪ್ರೀಂ ಕೋರ್ಟು 750ಕ್ಕಿಂತ ಜಾಸ್ತಿ ತಗೋಬಾರದು ಅಂದಿದೆ ಅಂದೆ. "ಅಷ್ಟೇನಾ?" ಅಂದರು. ಅಷ್ಟೇ ಅಲ್ಲ ಅಂತ ಇಬ್ಬರಿಗೂ ಗೊತ್ತು.

ದಿನಕ್ಕೆ ಇಷ್ಟು ಪುಟ ಟೈಪು ಮಾಡಿದರೆ ತಾನೇ ದುಡ್ಡು. ಹಾಜರಿ 70 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸಲ್ಲ. ವಾರಕ್ಕೆ ಆರು ದಿನ ಕ್ಲಾಸು ಅಂದುಕೊಂಡರೆ, ಒಂದು ದಿನ ತಪ್ಪಿಸಿದರೆ 83, ಎರಡು ದಿನ ತಪ್ಪಿಸಿದರೆ 67. ಅಂದರೆ ಒಂದೇ ದಿನ. ಸೋಮವಾರ ಕೆಲಸ ಜಾಸ್ತಿ, ಅದನ್ನೇ ಇಟ್ಟುಕೊಂಡರೆ ಸರ್‌ಗೂ ಅನುಕೂಲ. ಆದರೆ ಆ 70 ಒಂದೊಂದು ವಿಷಯಕ್ಕೂ ಬೇರೆ ಬೇರೆ ಲೆಕ್ಕ, ಹಾಗಾಗಿ ಸೋಮವಾರ ಯಾವ ವಿಷಯ ಜಾಸ್ತಿ ಇಟ್ಟಿರ್ತಾರೋ ಅದರಲ್ಲಿ ಹಾಜರಿ ಕಮ್ಮಿ ಬೀಳುತ್ತೆ.